ಪರದೇಶದ ಶಾಲೆಯಲ್ಲಿ ಸ್ವಯಂಸೇವಕರಾಗಿ ಪಾಠ ಹೇಳಲು ಹೊರಟವರಿಗೆ

ಬೇರೆ ದೇಶದ ಶಾಲೆಯೊಂದರಲ್ಲಿ ಕೆಲವು ತಿಂಗಳು ಅಥವಾ ಒಂದೆರಡು ವರ್ಷ ಇದ್ದು ಮಕ್ಕಳಿಗೆ ಪಾಠ ಹೇಳಬೇಕು, ಅವರ ಓದಿಗೆ ಆಸರೆಯಾಗಬೇಕು ಎಂದು ಬಯಸುವ ಯುವಜನರಿಗಾಗಿ ಈ ಬರಹ. ಹೀಗೆ ಹೊರಡುವವರು ಸಾಮಾನ್ಯವಾಗಿ ‘ನಾನು ಅಲ್ಲಿ ಏನು ಕಲಿಸಬಲ್ಲೆ’ ಎಂಬ ಪ್ರಶ್ನೆಯಿಂದ ಸಿದ್ಧತೆ ಆರಂಭಿಸುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ‘ನಾನು ಹೊರಟುಬಂದ ಮೇಲೆ ಆ ತರಗತಿಯಲ್ಲಿ ಏನು ಉಳಿಯುತ್ತದೆ’ ಎಂಬುದನ್ನು. ಶಿಕ್ಷಕರು ಅಲ್ಲೇ ಇರುತ್ತಾರೆ, ಮಕ್ಕಳೂ ಅಲ್ಲೇ ಇರುತ್ತಾರೆ, ಬಿಟ್ಟು ಬರುವವರು ನೀವೊಬ್ಬರೇ. ಸಂಸ್ಥೆಯ ಆಯ್ಕೆಯಿಂದ ಹಿಡಿದು ಕೊನೆಯ ದಿನದ ಬೀಳ್ಕೊಡುಗೆಯವರೆಗೆ ಮುಂದೆ ಹೇಳಿರುವುದೆಲ್ಲ ಈ ಸಂಗತಿಯನ್ನು ಆಧರಿಸಿದೆ.

ಯಾರ ಮೂಲಕ ಹೋಗಬೇಕು

ಈ ಬಗೆಯ ಸೇವೆಗೆ ದೀರ್ಘ ಇತಿಹಾಸವಿದೆ. ಬ್ರಿಟನ್ನಿನ ವಿಎಸ್‌ಒ (ವಾಲಂಟರಿ ಸರ್ವಿಸ್ ಓವರ್‌ಸೀಸ್) 1958ರಲ್ಲಿ, ಅಮೆರಿಕದ ಪೀಸ್ ಕೋರ್ 1961ರಲ್ಲಿ, ಜಪಾನಿನ ಸಾಗರೋತ್ತರ ಸಹಕಾರ ಸ್ವಯಂಸೇವಕ ಯೋಜನೆ 1965ರಲ್ಲಿ ಹುಟ್ಟಿದವು. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮವನ್ನು 1970ರಲ್ಲಿ ಸ್ಥಾಪಿಸಲಾಯಿತು. ಪೀಸ್ ಕೋರ್ ಅಮೆರಿಕದ ನಾಗರಿಕರಿಗೆ ಮಾತ್ರ, ಜಪಾನಿನ ಯೋಜನೆ ಜಪಾನಿನ ನಾಗರಿಕರಿಗೆ ಮಾತ್ರ ತೆರೆದಿದೆ. ವಿಶ್ವಸಂಸ್ಥೆಯ ಕಾರ್ಯಕ್ರಮಕ್ಕೆ ಎಲ್ಲ ದೇಶದವರೂ ಅರ್ಜಿ ಹಾಕಬಹುದು, ಅದರಲ್ಲಿ 18ರಿಂದ 26 ವರ್ಷದವರಿಗಾಗಿ ಪ್ರತ್ಯೇಕ ಯುವ ವಿಭಾಗವೂ ಇದೆ. ಯುರೋಪಿಯನ್ ಸಾಲಿಡಾರಿಟಿ ಕೋರ್ 18ರಿಂದ 30 ವರ್ಷದವರನ್ನು ಗರಿಷ್ಠ 12 ತಿಂಗಳವರೆಗೆ ಕಳುಹಿಸಿ, ಪ್ರಯಾಣ, ವಸತಿ, ಊಟ ಮತ್ತು ವಿಮೆಯ ವೆಚ್ಚವನ್ನು ತಾನೇ ನೋಡಿಕೊಳ್ಳುತ್ತದೆ.

ನಿಮಗೆ ಇವುಗಳಲ್ಲಿ ಯಾವುದೂ ಹೊಂದದೆ ಹೋದರೂ ಇವುಗಳ ಅವಧಿಯನ್ನು ಗಮನಿಸಿದರೆ ಒಂದು ಪಾಠವಿದೆ. ಪೀಸ್ ಕೋರ್‌ನ ಸೇವಾವಧಿ 27 ತಿಂಗಳು, ಅದರಲ್ಲಿ ಸುಮಾರು ಮೊದಲ ಮೂರು ತಿಂಗಳು ಭಾಷೆ ಮತ್ತು ಕೆಲಸದ ತರಬೇತಿಗೇ ಮೀಸಲು. ಜಪಾನಿನ ಯೋಜನೆಯದು ಸಾಮಾನ್ಯವಾಗಿ ಎರಡು ವರ್ಷ. ದಶಕಗಳ ಅನುಭವವಿರುವ ಸಂಸ್ಥೆಗಳು ಇಷ್ಟು ಕಾಲ ಬೇಕೆಂದು ನಿರ್ಧರಿಸಿರುವಾಗ, ಹಣ ಪಡೆದು ಎರಡು ವಾರಗಳ ‘ಬೋಧನಾನುಭವ’ವನ್ನು ಮಾರುವ ಜಾಹೀರಾತುಗಳನ್ನು ಅನುಮಾನದಿಂದಲೇ ನೋಡಬೇಕು. ಎರಡು ವಾರಗಳಲ್ಲಿ ಮಕ್ಕಳ ಹೆಸರುಗಳೂ ಸರಿಯಾಗಿ ನೆನಪಿಗೆ ಬಂದಿರುವುದಿಲ್ಲ. ಇಂತಹ ಭೇಟಿಯಿಂದ ಹೋದವರು ಏನನ್ನಾದರೂ ಕಲಿಯಬಹುದು, ಆದರೆ ತರಗತಿಯ ಪಾಠಕ್ರಮ ಮಾತ್ರ ಕದಡಿಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಒಂದು ಪೂರ್ಣ ಶಾಲಾ ಅವಧಿಯಷ್ಟು ಸಮಯ ಕೊಡಲಾಗದವರು ಪಾಠ ಹೇಳುವ ಕೆಲಸವನ್ನು ಒಪ್ಪಿಕೊಳ್ಳಬಾರದು. ಅವರು ಶಾಲೆಯ ಗ್ರಂಥಾಲಯವನ್ನು ಜೋಡಿಸುವುದು, ಕಲಿಕಾ ಸಾಮಗ್ರಿ ತಯಾರಿಸುವುದು ಮುಂತಾದ ಕೆಲಸಗಳನ್ನು ಆರಿಸಿಕೊಳ್ಳಬಹುದು.

ಸಂಸ್ಥೆಯೊಂದಿಗೆ ಮಾತನಾಡುವಾಗ ಮೂರು ವಿಷಯಗಳನ್ನು ನೇರವಾಗಿ ಕೇಳಿ ತಿಳಿದುಕೊಳ್ಳಿ. ಸ್ವಯಂಸೇವಕರು ಬೇಕೆಂದು ಕೇಳಿದವರು ಶಾಲೆಯವರೇ, ಅಥವಾ ಸಂಸ್ಥೆಯೇ ಶಾಲೆಯನ್ನು ಹುಡುಕಿಕೊಂಡಿತೇ? ನೀವು ಮಾಡಲಿರುವ ಕೆಲಸ ಸಂಬಳ ಕೊಟ್ಟು ನೇಮಿಸಿಕೊಳ್ಳಬೇಕಾದ ಸ್ಥಳೀಯ ಶಿಕ್ಷಕರೊಬ್ಬರ ಜಾಗವನ್ನು ತುಂಬುತ್ತದೆಯೇ? ನೀವು ಕಟ್ಟುವ ಶುಲ್ಕದಲ್ಲಿ ಶಾಲೆಗೆ ತಲುಪುವ ಪಾಲು ಎಷ್ಟು? ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡಲು ಹಿಂದೆಮುಂದೆ ನೋಡುವ ಸಂಸ್ಥೆಯನ್ನು ಅಲ್ಲಿಗೇ ಕೈಬಿಡುವುದು ಲೇಸು. ಹಾಗೆಯೇ, ನಿಮ್ಮ ಹಿನ್ನೆಲೆಯನ್ನು ಪರಿಶೀಲಿಸದೆ, ಪೊಲೀಸ್ ಪ್ರಮಾಣಪತ್ರ ಕೇಳದೆ, ಪರಿಚಯಸ್ಥರ ಶಿಫಾರಸನ್ನೂ ನೋಡದೆ ಮಕ್ಕಳ ನಡುವೆ ಬಿಡುವವರು ಬೇರೆಯವರನ್ನೂ ಹಾಗೆಯೇ ಬಿಟ್ಟಿರುತ್ತಾರೆ ಎಂಬುದನ್ನು ಮರೆಯಬಾರದು.

ಅನಾಥಾಲಯಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಕಾಂಬೋಡಿಯಾದಲ್ಲಿ ಪ್ರವಾಸೋದ್ಯಮ ಬೆಳೆದಂತೆ ಅನಾಥಾಲಯಗಳ ಸಂಖ್ಯೆಯೂ ಹೆಚ್ಚಿತು, ಆದರೆ ಅಲ್ಲಿದ್ದ ಬಹುಪಾಲು ಮಕ್ಕಳ ತಂದೆ ತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದರು. ಬಂದು ಹೋಗುವ ವಿದೇಶಿಯರ ದೇಣಿಗೆಯೇ ಮಕ್ಕಳನ್ನು ಮನೆಯಿಂದ ಬೇರ್ಪಡಿಸಲು ಕಾರಣವಾಗಿತ್ತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯಗಳಲ್ಲಿನ ಇಂತಹ ಸ್ವಯಂಸೇವೆಯಿಂದಾಗುವ ಹಾನಿಯನ್ನು ಎತ್ತಿ ಹೇಳಿತು. ಆದ್ದರಿಂದ ಮಕ್ಕಳು ಸಂಜೆ ತಮ್ಮ ಮನೆಗೆ ಮರಳುವ ಶಾಲೆಯನ್ನೇ ಆರಿಸಿಕೊಳ್ಳಿ.

ಕಾಗದಪತ್ರ ಮತ್ತು ಕಾಲ

ಸಂಬಳವಿಲ್ಲದ ಕೆಲಸಕ್ಕೆ ಪ್ರವಾಸಿ ವೀಸಾ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಅನೇಕ ದೇಶಗಳಲ್ಲಿ ಕಾನೂನುಬಾಹಿರ. ಉದಾಹರಣೆಗೆ ನೇಪಾಳದಲ್ಲಿ ಪ್ರವಾಸಿ ವೀಸಾದ ಮೇಲೆ ಬಂದವರು ಸ್ವಯಂಸೇವೆಯನ್ನೂ ಮಾಡುವಂತಿಲ್ಲ. ನಿಯಮ ಮೀರಿದವರನ್ನು ದೇಶದಿಂದ ಹೊರಗೆ ಕಳುಹಿಸಬಹುದು, ಅವರನ್ನು ಇರಿಸಿಕೊಂಡ ಶಾಲೆಯೂ ತೊಂದರೆಗೆ ಸಿಲುಕಬಹುದು. ಆಯಾ ದೇಶದ ರಾಯಭಾರ ಕಚೇರಿಯಿಂದಲೇ ನಿಯಮವನ್ನು ಖಚಿತಪಡಿಸಿಕೊಳ್ಳಿ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಅದು ಊರ್ಜಿತವಾಗುತ್ತದೆ, 2016ರ ನಿಯಮದಂತೆ ಜೀವನಪೂರ್ತಿ ನಡೆಯುತ್ತದೆ. ಆಸ್ಪತ್ರೆ ವೆಚ್ಚ ಮತ್ತು ತುರ್ತು ಸ್ಥಳಾಂತರ ಎರಡನ್ನೂ ಒಳಗೊಂಡ ವಿಮೆಯಿಲ್ಲದೆ ಹೊರಡಬೇಡಿ.

ಶಾಲಾ ವರ್ಷ ಎಲ್ಲ ಕಡೆ ಒಂದೇ ತಿಂಗಳಲ್ಲಿ ಆರಂಭವಾಗುವುದಿಲ್ಲ. ಟಾಂಜಾನಿಯಾದಲ್ಲಿ ಜನವರಿಯಲ್ಲಿ, ನೇಪಾಳ ಮತ್ತು ಜಪಾನಿನಲ್ಲಿ ಏಪ್ರಿಲ್‌ನಲ್ಲಿ, ಯುರೋಪಿನ ಹೆಚ್ಚಿನ ದೇಶಗಳಲ್ಲಿ ಸೆಪ್ಟೆಂಬರ್‌ ಹೊತ್ತಿಗೆ ತರಗತಿಗಳು ಶುರುವಾಗುತ್ತವೆ. ನಿಮ್ಮ ರಜೆಗೆ ಹೊಂದುವ ತಿಂಗಳಿನಲ್ಲಿ ಅಲ್ಲಿ ಪರೀಕ್ಷೆ ನಡೆಯುತ್ತಿದ್ದರೆ ನಿಮ್ಮಿಂದ ಯಾರಿಗೂ ಉಪಯೋಗವಾಗದು. ಅವಧಿಯ ಆರಂಭಕ್ಕೆ ಒಂದು ವಾರ ಮೊದಲು ತಲುಪಿ, ಅವಧಿ ಮುಗಿದ ಮೇಲೆ ಹೊರಡುವಂತೆ ಟಿಕೆಟ್ ಕಾಯ್ದಿರಿಸುವುದು ಎಲ್ಲಕ್ಕಿಂತ ಉತ್ತಮ.

ಭಾಷೆ ಮತ್ತು ಪಠ್ಯಪುಸ್ತಕ

ಆ ದೇಶದ ಪಠ್ಯಪುಸ್ತಕಗಳನ್ನು ಹೋಗುವ ಮೊದಲೇ ತರಿಸಿಕೊಂಡು ಓದಬೇಕು. ಹಲವು ದೇಶಗಳ ಶಿಕ್ಷಣ ಇಲಾಖೆಗಳು ಅವುಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿವೆ. ಮಕ್ಕಳು ಯಾವ ಭಾಷೆಯಲ್ಲಿ ಯೋಚಿಸುತ್ತಾರೆ, ಯಾವ ಭಾಷೆಯಲ್ಲಿ ಪರೀಕ್ಷೆ ಬರೆಯುತ್ತಾರೆ ಎಂಬುದನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಟಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸ್ವಾಹಿಲಿ ಮಾಧ್ಯಮವಿದ್ದು, ಪ್ರೌಢ ಹಂತಕ್ಕೆ ಬಂದೊಡನೆ ಅದೇ ಮಗು ಇಂಗ್ಲಿಷಿನಲ್ಲಿ ಜೀವಶಾಸ್ತ್ರ ಓದಬೇಕಾಗುತ್ತದೆ. ಇಂತಹ ತರಗತಿಯಲ್ಲಿ ಸುಮ್ಮನೆ ಕುಳಿತಿರುವ ಹುಡುಗಿಗೆ ವಿಷಯ ತಿಳಿದಿಲ್ಲವೆಂದು ತೀರ್ಮಾನಿಸುವ ಮೊದಲು, ಉತ್ತರವನ್ನು ಅವಳ ಭಾಷೆಯಲ್ಲಿ ಪಕ್ಕದವರಿಗೆ ಹೇಳಲು ಬಿಟ್ಟು ನೋಡಬೇಕು.

ಸ್ಥಳೀಯ ಭಾಷೆಯನ್ನು ಪೂರ್ತಿ ಕಲಿಯಲು ಆಗದಿದ್ದರೂ ಸಂಖ್ಯೆಗಳು, ‘ತೋರಿಸು’, ‘ಮತ್ತೊಮ್ಮೆ ಹೇಳು’, ‘ಹೇಗೆ ಮಾಡಿದೆ’, ‘ಚೆನ್ನಾಗಿದೆ’ ಎಂಬಷ್ಟು ಮಾತುಗಳು ಮೊದಲ ದಿನವೇ ನಾಲಿಗೆಯ ಮೇಲಿರಲಿ. ಮಾತಿಲ್ಲದ ಸನ್ನೆಗಳನ್ನೂ ಗುರುತಿಸಬೇಕು: ಫಿಲಿಪ್ಪೀನ್ಸ್‌ನ ಮಗು ಹುಬ್ಬು ಮೇಲೆತ್ತಿದರೆ ಅದು ಒಪ್ಪಿಗೆ, ಇಥಿಯೋಪಿಯಾದಲ್ಲಿ ಸರಕ್ಕನೆ ಉಸಿರು ಒಳಗೆಳೆದುಕೊಂಡರೂ ಒಪ್ಪಿಗೆಯೇ. ಪೂರ್ವ ಆಫ್ರಿಕಾದ ಸ್ವಾಹಿಲಿ ಮಾತನಾಡುವವರು ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುವುದರಿಂದ, ಬೆಳಿಗ್ಗೆ ಎರಡು ಗಂಟೆಗೆ ಬನ್ನಿ ಎಂದು ಮುಖ್ಯೋಪಾಧ್ಯಾಯರು ಹೇಳಿದರೆ ನೀವು ಎಂಟು ಗಂಟೆಗೆ ಶಾಲೆಯಲ್ಲಿರಬೇಕು. ಗಣಿತ ಕಲಿಸುವವರಿಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಫ್ರೆಂಚ್ ಪದ್ಧತಿಯನ್ನು ಅನುಸರಿಸುವ ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ, ಭಾಗಾಕಾರದಲ್ಲಿ ಭಾಜಕವನ್ನು ಬಲಗಡೆ ಬರೆಯುತ್ತಾರೆ. ನೀವು ಕಲಿತ ಕ್ರಮವೇ ಸರಿಯೆಂದು ಹಲಗೆಯ ಮೇಲೆ ಬರೆದುಬಿಟ್ಟರೆ ಮಕ್ಕಳಿಗೆ ಬರುತ್ತಿದ್ದ ಲೆಕ್ಕವೂ ಗೊಂದಲಕ್ಕೆ ಸಿಲುಕುತ್ತದೆ.

ಮೊದಲು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ

ತಲುಪಿದ ಮರುದಿನವೇ ಸೀಮೆಸುಣ್ಣ ಕೈಗೆತ್ತಿಕೊಳ್ಳುವ ಆತುರ ಸಹಜ, ಎಷ್ಟೋ ವೇಳೆ ಶಾಲೆಯವರೂ ಅದನ್ನೇ ನಿರೀಕ್ಷಿಸುತ್ತಾರೆ. ಆದರೂ ಕನಿಷ್ಠ ಒಂದು ವಾರ ತರಗತಿ ಶಿಕ್ಷಕರ ಪಾಠವನ್ನು ಹಿಂದೆ ಕುಳಿತು ನೋಡಲು ಅನುಮತಿ ಕೇಳಿ. ಶಿಕ್ಷಕರು ಮಕ್ಕಳನ್ನು ಹೇಗೆ ಕರೆಯುತ್ತಾರೆ, ಮಕ್ಕಳು ಎದ್ದು ನಿಂತು ಉತ್ತರಿಸುತ್ತಾರೆಯೇ, ಪುಸ್ತಕವಿಲ್ಲದವರು ಯಾರೊಂದಿಗೆ ಹಂಚಿಕೊಳ್ಳುತ್ತಾರೆ, ಮಧ್ಯಾಹ್ನದ ನಂತರ ಯಾರು ಬರುವುದಿಲ್ಲ, ಏಕೆ ಬರುವುದಿಲ್ಲ ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳಿ. ತುಂಬಿದ ತರಗತಿಯನ್ನು ಒಂದೇ ಹಲಗೆಯ ಸಹಾಯದಿಂದ ವರ್ಷಗಟ್ಟಲೆ ನಡೆಸಿಕೊಂಡು ಬಂದ ಶಿಕ್ಷಕರಿಗೆ ನಿಮಗೆ ತಿಳಿಯದ ಎಷ್ಟೋ ಕೌಶಲಗಳು ಕೈವಶವಾಗಿರುತ್ತವೆ. ಅವರನ್ನು ಹೊಸ ವಿಧಾನಗಳನ್ನು ಅರಿಯದವರೆಂದು ಭಾವಿಸಿ ಮಾತನಾಡುವ ಸ್ವಯಂಸೇವಕರಿಗೆ ಆ ಶಾಲೆಯಲ್ಲಿ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ, ಅದು ನ್ಯಾಯವೂ ಹೌದು.

ಈ ವಾರದ ಕೊನೆಯಲ್ಲಿ ಶಿಕ್ಷಕರೊಂದಿಗೆ ಕುಳಿತು, ಅವರಿಗೆ ಯಾವ ಭಾಗದಲ್ಲಿ ನೆರವು ಬೇಕು ಎಂಬುದನ್ನು ಅವರ ಬಾಯಿಂದಲೇ ಕೇಳಿ ವೇಳಾಪಟ್ಟಿ ಹಾಕಿಕೊಳ್ಳಿ. ಶಿಕ್ಷಕರು ತರಗತಿಯಲ್ಲೇ ಇದ್ದು ನೀವಿಬ್ಬರೂ ಸೇರಿ ಪಾಠ ಮಾಡುವುದು ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು. ನೀವು ಬಂದಿರಿ ಎಂದು ಅವರು ಆ ಗಂಟೆಯನ್ನು ಬಿಟ್ಟುಕೊಟ್ಟು ಬೇರೆ ಕೆಲಸಕ್ಕೆ ಹೋಗುವ ಪರಿಪಾಠ ಬೆಳೆದರೆ, ನೀವು ಹೋದ ದಿನ ಆ ಪಾಠವೂ ನಿಂತುಹೋಗುತ್ತದೆ.

ಮಗು ಎಲ್ಲಿದೆಯೋ ಅಲ್ಲಿಂದ

ಐದನೆಯ ತರಗತಿಯಲ್ಲಿ ಕುಳಿತ ಮಕ್ಕಳೆಲ್ಲರೂ ಐದನೆಯ ತರಗತಿಯ ಪುಸ್ತಕ ಓದಬಲ್ಲರು ಎಂದು ಎಣಿಸಬೇಡಿ. ಭಾರತದ ‘ಪ್ರಥಮ್’ ಸಂಸ್ಥೆ ರೂಪಿಸಿದ, ನಂತರ ಜಾಂಬಿಯಾ, ಬೋಟ್ಸ್‌ವಾನಾ ಮುಂತಾದ ದೇಶಗಳೂ ಅಳವಡಿಸಿಕೊಂಡ ಒಂದು ವಿಧಾನ ಸ್ವಯಂಸೇವಕರಿಗೆ ಹೇಳಿ ಮಾಡಿಸಿದಂತಿದೆ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ, ಪದ, ಚಿಕ್ಕ ವಾಕ್ಯವೃಂದ, ಸಣ್ಣ ಕಥೆ ಹೀಗೆ ಕ್ರಮವಾಗಿ ಓದಿಸಿ, ಎಲ್ಲಿಯವರೆಗೆ ಸರಾಗವಾಗಿ ಬರುತ್ತದೆ ಎಂದು ಗುರುತಿಸಿಕೊಳ್ಳುವುದು. ಆಮೇಲೆ ದಿನಕ್ಕೆ ಒಂದು ಗಂಟೆಯಷ್ಟು ಹೊತ್ತು ವಯಸ್ಸನ್ನು ಬದಿಗಿಟ್ಟು ಆ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವುದು. ಇಡೀ ತರಗತಿಯನ್ನು ನೋಡಿಕೊಳ್ಳಬೇಕಾದ ಶಿಕ್ಷಕರಿಗೆ ಇಷ್ಟು ಬಿಡುವಿರುವುದಿಲ್ಲ, ಎರಡನೆಯ ಹಿರಿಯರೊಬ್ಬರು ಇದ್ದಾಗ ಮಾತ್ರ ಇದು ಸುಲಭ. ದೊಡ್ಡ ಹುಡುಗನೊಬ್ಬ ಪುಟ್ಟ ಮಕ್ಕಳ ಗುಂಪಿನಲ್ಲಿ ಕೂರಲು ನಾಚಿದರೆ, ಅವನಿಗೆ ಅದೇ ಗುಂಪಿನಲ್ಲಿ ಪದಪಟ್ಟಿ ಹಿಡಿದು ತೋರಿಸುವ ಹೊಣೆ ಕೊಡಿ. ಓದುವ ಅಭ್ಯಾಸ ಅವನಿಗೂ ಆಗುತ್ತದೆ, ಮಾನವೂ ಉಳಿಯುತ್ತದೆ.

ತಪ್ಪು ಉತ್ತರವನ್ನು ಎದುರಿಸುವ ಬಗೆಯನ್ನು ಒಂದು ಲೆಕ್ಕದ ಮೂಲಕ ನೋಡೋಣ. 42ರಿಂದ 17 ಕಳೆಯಲು ಹೇಳಿದಾಗ ಮಗುವೊಂದು 35 ಎಂದು ಬರೆಯಿತೆನ್ನಿ. ತಪ್ಪು ಎಂದು ಗೀಟು ಎಳೆದು ಸರಿಯುತ್ತರ 25 ಎಂದು ಬರೆದುಕೊಟ್ಟರೆ ಮಗು ಅದನ್ನು ನಕಲು ಮಾಡಿ ಸುಮ್ಮನಾಗುತ್ತದೆ. ‘ಹೇಗೆ ಮಾಡಿದೆ, ತೋರಿಸು’ ಎಂದು ಕೇಳಿದರೆ, ಅದು ಬಿಡಿಸ್ಥಾನದ 2 ಮತ್ತು 7ರಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆದು 5 ಎಂದಿತು, ಆಮೇಲೆ 4ರಿಂದ 1 ಕಳೆದು 3 ಎಂದಿತು ಎಂಬುದು ಬೆಳಕಿಗೆ ಬರುತ್ತದೆ. ಅದಕ್ಕೆ ಕಳೆಯುವುದು ಗೊತ್ತಿದೆ, ಹತ್ತನ್ನು ಬಿಡಿಸಿ ತೆಗೆದುಕೊಳ್ಳುವುದು ಗೊತ್ತಿಲ್ಲ. ಈಗ ಹತ್ತತ್ತು ಕಡ್ಡಿಗಳ ನಾಲ್ಕು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಮುಂದಿಟ್ಟು, 17 ಕಡ್ಡಿ ಕೊಡು ಎಂದು ಕೈಚಾಚಿ. ಬಿಡಿ ಕಡ್ಡಿ ಸಾಲದೆ ಮಗು ತಡವರಿಸುತ್ತದೆ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಒಂದು ಕಟ್ಟಿನ ದಾರ ಬಿಚ್ಚುತ್ತದೆ. ಆ ದಾರ ಬಿಚ್ಚುವ ಕೆಲಸವನ್ನು ನೀವು ಮಾಡಿಕೊಡದೆ ಕಾಯುವುದರಲ್ಲಿಯೇ ಪಾಠವಿದೆ. ಆಮೇಲೆ ಅದನ್ನೇ ಸ್ಲೇಟಿನ ಮೇಲೆ ಬರೆಸಿದರೆ ಹತ್ತನ್ನು ಬಿಡಿಸುವ ಕ್ರಮ ಅದಕ್ಕೆ ಅರ್ಥವಾಗಿರುತ್ತದೆ.

ಕಾಯುವ ವಿಷಯದಲ್ಲಿ ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳು ಇಂದಿಗೂ ಉಪಯುಕ್ತ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲವೆಂದು, ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾದರೆ ಮಕ್ಕಳ ಉತ್ತರಗಳು ದೀರ್ಘವೂ ಯೋಚನೆಯಿಂದ ಕೂಡಿದವೂ ಆಗುತ್ತವೆಂದು ಅವರು ಕಂಡುಕೊಂಡರು. ಎರಡನೆಯ ಅಥವಾ ಮೂರನೆಯ ಭಾಷೆಯಲ್ಲಿ ನಿಮ್ಮ ಪ್ರಶ್ನೆ ಕೇಳಿಸಿಕೊಳ್ಳುತ್ತಿರುವ ಮಕ್ಕಳಿಗೆ ಇನ್ನೂ ಹೆಚ್ಚು ಸಮಯ ಬೇಕು. ಎಲ್ಲರೂ ಒಟ್ಟಾಗಿ ಒಂದೇ ದನಿಯಲ್ಲಿ ಉತ್ತರಿಸುವ ರೂಢಿ ಅನೇಕ ಕಡೆ ಇದೆ. ಅದರಿಂದ ಅಂಜುವ ಮಕ್ಕಳಿಗೆ ಧೈರ್ಯ ಬರುವುದು ನಿಜ, ಆದರೆ ಯಾರಿಗೆ ತಿಳಿದಿದೆ ಯಾರಿಗಿಲ್ಲ ಎಂಬುದು ಆ ದನಿಯಲ್ಲಿ ಮುಚ್ಚಿಹೋಗುತ್ತದೆ. ಸ್ಲೇಟಿನಲ್ಲಿ ಉತ್ತರ ಬರೆದು ಎಲ್ಲರೂ ಒಮ್ಮೆಲೇ ಎತ್ತಿ ಹಿಡಿಯುವಂತೆ ಮಾಡಿದರೆ ಒಂದು ನೋಟಕ್ಕೆ ತರಗತಿಯ ಸ್ಥಿತಿ ಗೊತ್ತಾಗುತ್ತದೆ.

ಮಾರ್ಗದರ್ಶನ

ಪಾಠ ಹೇಳುವುದು ಇಡೀ ತರಗತಿಗೆ, ಮಾರ್ಗದರ್ಶನ ಮಾಡುವುದು ಒಬ್ಬೊಬ್ಬ ವಿದ್ಯಾರ್ಥಿಗೆ. ಎರಡನೆಯದರಲ್ಲಿ ಬಾಂಧವ್ಯ ಗಾಢವಾಗಿರುವುದರಿಂದ ಹಾನಿಯ ಸಾಧ್ಯತೆಯೂ ಹೆಚ್ಚು. ಒಂದೊಂದು ಮಗುವಿಗೆ ಒಬ್ಬೊಬ್ಬ ಹಿರಿಯರನ್ನು ಮಾರ್ಗದರ್ಶಕರಾಗಿ ಜೊತೆಮಾಡುವ ಅಮೆರಿಕದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಕಾರ್ಯಕ್ರಮದ ಮಾಹಿತಿಯನ್ನು ಆಧರಿಸಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನಡೆದ ಮಾರ್ಗದರ್ಶನದಿಂದ ಹದಿಹರೆಯದವರಿಗೆ ಅತಿ ಹೆಚ್ಚು ಪ್ರಯೋಜನವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಸಂಬಂಧಗಳಲ್ಲಿ ಮಕ್ಕಳ ಆತ್ಮಗೌರವ ಮೊದಲಿಗಿಂತ ಕುಗ್ಗಿತ್ತು. ಕಡಿಮೆ ಕಾಲ ಇರುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಂಥವರು ಒಬ್ಬ ವಿದ್ಯಾರ್ಥಿಯನ್ನು ತಮ್ಮವನನ್ನಾಗಿ ಮಾಡಿಕೊಳ್ಳದೆ, ನಾಲ್ಕೈದು ಜನರ ಓದಿನ ಗುಂಪನ್ನು ಕಟ್ಟಿ, ಅದರಲ್ಲಿ ಮೇಲಿನ ತರಗತಿಯ ಒಬ್ಬ ವಿದ್ಯಾರ್ಥಿಯನ್ನೋ ಸ್ಥಳೀಯ ಶಿಕ್ಷಕರನ್ನೋ ಮೊದಲ ದಿನದಿಂದಲೇ ಸೇರಿಸಿಕೊಳ್ಳಬೇಕು.

ಎಷ್ಟು ಕಾಲ ಇರುತ್ತೀರಿ ಎಂಬುದನ್ನು ಮಕ್ಕಳಿಗೆ ಆರಂಭದಲ್ಲೇ ಹೇಳಿ, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತೋರಿಸಿ. ವಾರದ ಭೇಟಿಯನ್ನು ಪ್ರತಿ ವಾರ ಅದೇ ದಿನ, ಅದೇ ಹೊತ್ತು ಎಂದು ಗೊತ್ತುಪಡಿಸಿಕೊಂಡು ತಪ್ಪದೆ ಪಾಲಿಸಿ. ದೊಡ್ಡ ಮಕ್ಕಳು ಮುಂದಿನ ಓದು ಮತ್ತು ಉದ್ಯೋಗದ ಬಗ್ಗೆ ಕೇಳುತ್ತಾರೆ. ನಿಮ್ಮ ದೇಶದ ದಾರಿಗಳನ್ನು ವಿವರಿಸುವುದಕ್ಕಿಂತ ಆ ಊರಿನ ದಾದಿ, ಮೆಕ್ಯಾನಿಕ್, ಕೃಷಿ ಅಧಿಕಾರಿಯಂತಹವರನ್ನು ಶಾಲೆಗೆ ಕರೆಸಿ ಮಾತನಾಡಿಸುವುದು ಮಕ್ಕಳಿಗೆ ಹೆಚ್ಚು ಉಪಕಾರಿ. ವಿದೇಶಕ್ಕೆ ಕರೆದೊಯ್ಯುವ, ಶುಲ್ಕ ಕಟ್ಟುವ, ವಿದ್ಯಾರ್ಥಿವೇತನ ಕೊಡಿಸುವ ಮಾತನ್ನು ಎಂದಿಗೂ ಆಡಬೇಡಿ. ಅದು ನಿಮಗೆ ಸಲುಗೆಯ ಮಾತಾಗಿರಬಹುದು, ಆ ಮನೆಯವರು ಮಾತ್ರ ಅದನ್ನು ವರ್ಷಗಟ್ಟಲೆ ನಂಬಿಕೊಂಡಿರುತ್ತಾರೆ.

ಮಕ್ಕಳ ರಕ್ಷಣೆ

1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 19ನೆಯ ವಿಧಿ ಎಲ್ಲ ಬಗೆಯ ಹಿಂಸೆಯಿಂದ ಮಕ್ಕಳಿಗೆ ರಕ್ಷಣೆ ಕೊಡಬೇಕೆನ್ನುತ್ತದೆ. ಸ್ವಯಂಸೇವಕರ ಮಟ್ಟಿಗೆ ಇದರ ನಿತ್ಯದ ರೂಪ ಸರಳ: ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ನಿಮ್ಮ ವಸತಿಗೆ ಮಕ್ಕಳನ್ನು ಕರೆಯಬಾರದು, ಖಾಸಗಿ ಫೋನ್ ಸಂಖ್ಯೆ ಮತ್ತು ಸಾಮಾಜಿಕ ಜಾಲತಾಣದ ಖಾತೆಗಳನ್ನು ಹಂಚಿಕೊಳ್ಳಬಾರದು. ಮಕ್ಕಳ ಫೋಟೋ ತೆಗೆಯಲು ಶಾಲೆಯ ಮತ್ತು ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕರೂ ಹೆಸರು ಮತ್ತು ಊರನ್ನು ಸೇರಿಸಿ ಪ್ರಕಟಿಸಬಾರದು. ಉಡುಗೊರೆ ಕೊಡುವುದಿದ್ದರೆ ಚೆಂಡು, ಪುಸ್ತಕ, ಭೂಪಟದಂತಹವನ್ನು ಮುಖ್ಯೋಪಾಧ್ಯಾಯರ ಮೂಲಕ ಇಡೀ ಶಾಲೆಗೆ ಕೊಡಿ.

ಮಗುವೊಂದು ತನಗಾದ ದೌರ್ಜನ್ಯವನ್ನು ನಿಮ್ಮ ಬಳಿ ಹೇಳಿಕೊಂಡರೆ ಗಾಬರಿ ತೋರಿಸದೆ ಪೂರ್ತಿ ಕೇಳಿಸಿಕೊಳ್ಳಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ, ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ ಎಂದು ತಿಳಿಸಿ. ಉತ್ತರವನ್ನು ನೀವೇ ಸೂಚಿಸುವಂತಹ ಪ್ರಶ್ನೆಗಳನ್ನು ಕೇಳಬೇಡಿ. ಮಗುವಿನ ಮಾತುಗಳನ್ನು ಅವು ಬಂದಂತೆಯೇ ದಿನಾಂಕ, ಸಮಯದೊಂದಿಗೆ ಬರೆದಿಟ್ಟು, ಮಕ್ಕಳ ರಕ್ಷಣೆಗೆಂದು ಸಂಸ್ಥೆ ನೇಮಿಸಿದ ವ್ಯಕ್ತಿಗೆ ಅದೇ ದಿನ ಒಪ್ಪಿಸಿ. ನೀವೇ ವಿಚಾರಣೆಗೆ ಇಳಿದರೆ ಮಗು ಇನ್ನಷ್ಟು ಅಪಾಯಕ್ಕೆ ಸಿಲುಕಬಹುದು. ಆ ವ್ಯಕ್ತಿ ಯಾರೆಂಬುದು ನಿಮಗೆ ಮೊದಲ ದಿನವೇ ತಿಳಿದಿರಬೇಕು.

ದೈಹಿಕ ಶಿಕ್ಷೆಯ ಪ್ರಶ್ನೆ ಇದಕ್ಕಿಂತ ಕಠಿಣ. ಸ್ವೀಡನ್ 1979ರಲ್ಲಿ ಮನೆಯಲ್ಲೂ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದ ಮೊದಲ ದೇಶವಾಯಿತು, ಆದರೆ ಶಾಲೆಗಳಲ್ಲಿ ಬೆತ್ತ ಇನ್ನೂ ಬಳಕೆಯಲ್ಲಿರುವ ದೇಶಗಳಿವೆ. ನೀವು ಹೊಡೆಯಬಾರದು, ನಿಮ್ಮ ಪರವಾಗಿ ಹೊಡೆಯಲು ಯಾರ ಬಳಿಗೂ ಮಗುವನ್ನು ಕಳುಹಿಸಬಾರದು, ಇದರಲ್ಲಿ ರಾಜಿಯಿಲ್ಲ. ಶಿಕ್ಷಕರೊಬ್ಬರು ಹೊಡೆಯುವುದನ್ನು ಕಂಡಾಗ ಮಕ್ಕಳೆದುರು ಅವರೊಂದಿಗೆ ವಾದಕ್ಕಿಳಿದರೆ, ನೀವಿಲ್ಲದ ಹೊತ್ತಿನಲ್ಲಿ ಅದರ ಬೆಲೆ ತೆರುವುದು ಮಕ್ಕಳೇ. ಸಂಸ್ಥೆಯ ಮೂಲಕ ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿ, ಜೊತೆಗೆ ನಿಮ್ಮ ತರಗತಿಯಲ್ಲಿ ಗದ್ದಲವನ್ನು ಚಪ್ಪಾಳೆಯ ಲಯ, ಗುಂಪು ಕೆಲಸ, ಸ್ಪಷ್ಟ ನಿಯಮಗಳಿಂದ ಹತೋಟಿಗೆ ತರುವುದನ್ನು ಅವರು ನೋಡುವಂತೆ ಮಾಡಿ. ಮಗುವಿಗೆ ಗಾಯವಾಗುವಂತಿದ್ದರೆ ಮಾತ್ರ ತಕ್ಷಣವೇ ನಡುವೆ ಬರಬೇಕು.

ಬಿಟ್ಟು ಬರುವ ಸಿದ್ಧತೆ

ಕೊನೆಯ ಒಂದು ತಿಂಗಳು ಹೊಸದೇನನ್ನೂ ಆರಂಭಿಸಬೇಡಿ. ನೀವು ನಡೆಸುತ್ತಿದ್ದ ಓದಿನ ಗುಂಪನ್ನು ಶಿಕ್ಷಕರು ನಡೆಸಲಿ, ನೀವು ಹಿಂದಿನ ಬೆಂಚಿಗೆ ಮರಳಿ ನೋಡಿ. ನೀವು ಪಕ್ಕದಲ್ಲಿ ಇಲ್ಲದೆಯೂ ಅದು ಒಂದು ವಾರ ನಡೆದರೆ ಮುಂದೆಯೂ ನಡೆಯುವ ಸಾಧ್ಯತೆಯಿದೆ. ನಿಂತುಹೋದರೆ ಏಕೆ ನಿಂತಿತು ಎಂದು ಶಿಕ್ಷಕರನ್ನು ಕೇಳಿ, ಕೈಲಾದಷ್ಟು ಸರಳಗೊಳಿಸಿ. ಬಹುತೇಕ ಸಂದರ್ಭಗಳಲ್ಲಿ ಕಾರಣ ಸಾಮಗ್ರಿಯೇ ಆಗಿರುತ್ತದೆ: ಹೊರಗಿನಿಂದ ತಂದ ಬಣ್ಣದ ಕಾರ್ಡುಗಳು ಹರಿದ ಮೇಲೆ ಮತ್ತೆ ಸಿಗುವುದಿಲ್ಲ, ಆದರೆ ಕಡ್ಡಿ, ಬಾಟಲಿ ಮುಚ್ಚಳ, ಹಳೆಯ ರಟ್ಟುಗಳಿಂದ ಮಾಡಿದ್ದನ್ನು ಮಕ್ಕಳೇ ಮತ್ತೆ ಮಾಡಿಕೊಳ್ಳಬಲ್ಲರು.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿನ ಓದಿನ ಮಟ್ಟ, ನೀವು ಬಂದಾಗ ಎಲ್ಲಿತ್ತು, ಈಗ ಎಲ್ಲಿದೆ, ಯಾವ ವಿಧಾನ ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದನ್ನು ಅಲ್ಲಿನ ಶಿಕ್ಷಕರು ಓದಬಲ್ಲ ಭಾಷೆಯಲ್ಲಿ ಬರೆದು ಅವರ ಕೈಗೆ ಕೊಡಿ. ಸಂಸ್ಥೆಗೆ ಕೊಡುವ ವರದಿಯಲ್ಲೂ ಸೋತ ಪ್ರಯತ್ನಗಳನ್ನು ಮರೆಮಾಚಬೇಡಿ. ನಿಮ್ಮ ನಂತರ ಬರುವವರು ಅದೇ ಪ್ರಯತ್ನಕ್ಕೆ ಮತ್ತೆ ಮೂರು ತಿಂಗಳು ವ್ಯಯಿಸುವುದು ಮಕ್ಕಳ ಸಮಯದ ನಷ್ಟ. ಮಕ್ಕಳಿಗೆ ಹೊರಡುವ ದಿನವನ್ನು ಎರಡು ಮೂರು ವಾರ ಮೊದಲಿನಿಂದಲೇ ನೆನಪಿಸುತ್ತ ಬನ್ನಿ. ಮತ್ತೆ ಬರುತ್ತೇನೆ ಎಂದು, ಟಿಕೆಟ್ ಕೈಯಲ್ಲಿಲ್ಲದಿದ್ದರೆ, ಹೇಳಬೇಡಿ. ಪತ್ರ ಬರೆಯುವುದಾದರೆ ಒಬ್ಬಿಬ್ಬರಿಗೆ ಬರೆಯದೆ ಇಡೀ ತರಗತಿಗೆ, ಶಾಲೆಯ ವಿಳಾಸಕ್ಕೆ ಬರೆಯಿರಿ. ಅದನ್ನು ಓದಿ ಹೇಳುವ ಕೆಲಸ ತರಗತಿ ಶಿಕ್ಷಕರದಾಗಲಿ.